ಹೆದರಿದವನ ತಟ್ಟೆ

ವೇದಾವತಿ ಹೊಳೆಯ ದಂಡೆಯಲ್ಲಿ ಒಂದು ಚಿಕ್ಕ ಆಶ್ರಮ. ಅಲ್ಲಿ ದಾಕ್ಷಾಯಣಮ್ಮ ಎಂಬ ಹಿರಿಯರಿದ್ದರು. ಎಲ್ಲರೂ ಅವರನ್ನು ತಾಯಿ ಎಂದೇ ಕರೆಯುತ್ತಿದ್ದರು. ಪ್ರವಚನ ಮಾಡುವವರಲ್ಲ. ಕೇಳಿದರೆ ಒಂದು ಮಾತು ಹೇಳುತ್ತಿದ್ದರು. ಕೆಲವು ಸಲ ಅದೂ ಇಲ್ಲ.

ಅವರ ಶಿಷ್ಯ ತಿಪ್ಪೇಶ. ಅಡುಗೆಮನೆ ಅವನದು. ಹನ್ನೊಂದು ವರ್ಷದಿಂದ ಹತ್ತು ಜನರಿಗೆ ಎರಡು ಹೊತ್ತು ಅವನೇ ಬೇಯಿಸಿ ಬಡಿಸುತ್ತಿದ್ದ. ಅವನ ಕೈ ಅಡುಗೆ ಉಂಡವರು ಅದನ್ನು ಊರಿಗೆ ಹೋಗಿ ಹೇಳುತ್ತಿದ್ದರು.

ಆ ವರ್ಷ ಯುಗಾದಿ ಕಳೆದ ಮೇಲೆ ಅವನ ಹೊಟ್ಟೆ ಕೆಟ್ಟಿತು. ಮೊದಲು ನುಲಿತ, ಆಮೇಲೆ ಭೇದಿ, ಆಮೇಲೆ ರಕ್ತ.

ಪಟ್ಟಣದ ಆಸ್ಪತ್ರೆಯಲ್ಲಿ ಕೊಳವೆ ಹಾಕಿ ಒಳಗೆ ನೋಡಿದರು.

"ದೊಡ್ಡ ಕರುಳಿನಲ್ಲಿ ಉರಿಯೂತ," ಎಂದರು ಡಾಕ್ಟರು. "ಇದು ಬಂದು ಹೋಗುವ ಕಾಯಿಲೆಯಲ್ಲ. ಇದ್ದೇ ಇರುತ್ತದೆ, ಹತೋಟಿಯಲ್ಲಿ ಇಟ್ಟುಕೊಳ್ಳಬೇಕು. ಮಾತ್ರೆ ತಪ್ಪಿಸಬೇಡಿ. ಚೆನ್ನಾಗಿ ಊಟ ಮಾಡಿ."

"ಚೆನ್ನಾಗಿ ಅಂದರೆ ಹೇಗೆ ಸಾರ್?"

ಹೊರಗೆ ಸಾಲಿನಲ್ಲಿ ಇನ್ನೂ ಬಹಳ ಜನ ಕಾಯುತ್ತಿದ್ದರು. "ನಿಮಗೆ ಒಗ್ಗಿದ್ದು," ಎಂದು ಡಾಕ್ಟರು ಮುಂದಿನ ಚೀಟಿ ಕೈಗೆತ್ತಿಕೊಂಡರು.

ತಿಪ್ಪೇಶ ಮಾತ್ರೆ ನುಂಗಿದ. ಒಂದೂ ತಪ್ಪಿಸಲಿಲ್ಲ. ಆದರೆ ಒಗ್ಗುವುದು ಯಾವುದು ಎಂದು ಅವನಿಗೆ ಯಾರು ಹೇಳಬೇಕು?

ಹೇಳುವವರಿಗೆ ಕೊರತೆ ಇರಲಿಲ್ಲ. ಆಶ್ರಮಕ್ಕೆ ಬಂದ ಒಬ್ಬರು ಹಾಲು ವಿಷ ಎಂದರು. ಇನ್ನೊಬ್ಬರು ಮೊಸರು ಬೇಡ ಎಂದರು. ಗೋಧಿ ಬಿಡು ಎಂದವರು ಒಬ್ಬರು, ರಾಗಿ ಉಷ್ಣ ಎಂದವರು ಒಬ್ಬರು. ಸೊಪ್ಪು ಕರುಳಿಗೆ ಸುತ್ತಿಕೊಳ್ಳುತ್ತದೆ ಎಂದು ಬಸ್ಸಿನಲ್ಲಿ ಪಕ್ಕ ಕೂತವನು ಹೇಳಿದ.

ತಿಪ್ಪೇಶ ಇದ್ದಿಲಿನಿಂದ ಅಡುಗೆಮನೆಯ ಗೋಡೆಯ ಮೇಲೆ ಒಂದೊಂದೇ ಹೆಸರು ಬರೆದ. ಬರೆದದ್ದನ್ನು ಮತ್ತೆ ಬಾಯಿಗೆ ಹಾಕಲಿಲ್ಲ.

ಮಾತ್ರೆಯಿಂದ ರಕ್ತ ನಿಂತಿತು. ಪಟ್ಟಿಯಿಂದ ನಿಂತಿತು ಎಂದುಕೊಂಡ ಅವನು.

ಹೆದರಿಕೆ ಮಾತ್ರ ನಿಲ್ಲಲಿಲ್ಲ. ಒಗ್ಗರಣೆಯ ವಾಸನೆಗೆ ಅಂಗೈ ಬೆವರುತ್ತಿತ್ತು. ಹೊಟ್ಟೆ ಸ್ವಲ್ಪ ಗುಡುಗಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ನಿನ್ನೆ ಏನು ತಿಂದೆ, ಮೊನ್ನೆ ಏನು ತಿಂದೆ ಎಂದು ಲೆಕ್ಕ ಹಾಕುತ್ತ ನಿಂತಲ್ಲೇ ನಿಂತುಬಿಡುತ್ತಿದ್ದ. ಸಾರಿನ ರುಚಿ ನೋಡುವುದನ್ನೂ ಬಿಟ್ಟ. ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ.

ಅರವತ್ತೆರಡು ಕೆಜಿ ಇದ್ದವನು ಆಷಾಢದ ಹೊತ್ತಿಗೆ ನಲವತ್ತಾರಕ್ಕೆ ಇಳಿದ. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಒಂದು ಬೆಳಗ್ಗೆ ತಾಯಿ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ತಿಪ್ಪೇಶ ಹೋಗಿ ಎರಡು ಮೆಟ್ಟಿಲು ಕೆಳಗೆ ಕೂತ.

"ತಾಯೀ, ಇವತ್ತು ಮತ್ತೆ ಹೊಟ್ಟೆ ಸರಿಯಿಲ್ಲ. ಇನ್ನೇನು ಬಿಡಲಿ?"

"ಮೊದಲು, ಬಿಟ್ಟದ್ದನ್ನು ಹೇಳು."

ಅವನು ಹೇಳಿದ. ಹೇಳಿ ಮುಗಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಉಳಿದದ್ದೇನು?"

"ಅಕ್ಕಿ ಗಂಜಿ. ಉಪ್ಪು. ನೀರು."

"ನೀರನ್ನು ಕಾಯಿಸುತ್ತೀಯಾ?"

"ಎರಡು ಸಲ ಕಾಯಿಸುತ್ತೇನೆ."

ತಾಯಿ ಅವನ ಕತ್ತಿನ ಮೂಳೆಗಳನ್ನು ನೋಡಿದರು. "ಉಸಿರನ್ನು ಏನು ಮಾಡುತ್ತೀಯಾ?"

"ಅಂದರೆ?"

"ಅದರಲ್ಲೂ ಧೂಳಿರುತ್ತದಲ್ಲ," ಎಂದು ತಾಯಿ ಎದ್ದು ಹೋದರು.

ತಿಪ್ಪೇಶ ಎರಡು ದಿನ ಮೂಗಿಗೆ ಪಂಚೆಯ ತುಂಡು ಕಟ್ಟಿಕೊಂಡು ಓಡಾಡಿದ.

ಅದಾದ ವಾರಕ್ಕೆ ತಾಯಿ ಪಕ್ಕದ ಹಳ್ಳಿಯಲ್ಲಿ ಸಾವಾಗಿದ್ದ ಮನೆಯವರನ್ನು ನೋಡಲು ಹೋದರು. ಹಿಂತಿರುಗಲು ಮೂರು ದಿನ.

ಅದೇ ದಿನ ಮಾಳಮ್ಮ ಬಂದಳು. ಕಂಬಳಿ ನೇಯುವವಳು, ಮೂವತ್ತರ ಹೆಂಗಸು. ಬೆರಳಿನ ಗೆಣ್ಣುಗಳು ಊದಿ ಕೆಂಪಾಗಿದ್ದವು. ಕೈಮುಗಿಯಲು ಹೋದರೆ ಎರಡು ಅಂಗೈ ಪೂರ್ತಿ ಕೂಡುತ್ತಿರಲಿಲ್ಲ.

"ಕೀಲಿನಲ್ಲಿ ಉರಿಯೂತ ಅಂದರು ಅಣ್ಣ," ಎಂದಳು. "ಜೀವ ಇರೋವರೆಗೂ ಇರುತ್ತಂತೆ. ಬೆಳಗ್ಗೆ ಎದ್ದರೆ ಬೆರಳು ಮಡಚೋಕೆ ಬರಲ್ಲ. ಮಗ್ಗದ ಮುಂದೆ ಕೂತು ಅಳ್ತೀನಿ. ಮಾತ್ರೆ ಕೊಟ್ಟಿದಾರೆ. ಊಟದಲ್ಲಿ ಏನಾದರೂ ಪಥ್ಯ ಇದೆಯಾ ಅಂತ ತಾಯಿನ ಕೇಳೋಣ ಅಂತ ಬಂದೆ."

"ತಾಯಿ ಇಲ್ಲ. ಇನ್ನು ಮೂರು ದಿನಕ್ಕೆ ಬರುತ್ತಾರೆ."

"ಅಷ್ಟು ದಿನ ಇರೋಕೆ ಆಗಲ್ಲ. ನೀವೇ ಹೇಳಿ. ನಿಮಗೂ ಇಂಥದ್ದೇ ಏನೋ ಇದೆ ಅಂದರು."

ತಿಪ್ಪೇಶನಿಗೆ ಅವಳ ಕಣ್ಣಿನಲ್ಲಿ ಕಂಡದ್ದು ತನ್ನದೇ ಹೆದರಿಕೆ. ಅದನ್ನು ಕಂಡು ಅವನಿಗೆ ಮರುಕ ಬಂತು. ಜೊತೆಗೆ, ತನಗೂ ಗೊತ್ತಿರುವುದು ಒಂದಿದೆ ಎಂಬ ಸಣ್ಣ ಸಮಾಧಾನ. ಅವಳನ್ನು ಅಡುಗೆಮನೆಗೆ ಕರೆದು ಗೋಡೆ ತೋರಿಸಿದ.

"ಇದನ್ನೆಲ್ಲ ಬಿಟ್ಟುಬಿಡು."

ಅವಳು ಓದಿದಳು. "ಮತ್ತೆ ತಿನ್ನೋದೇನು ಅಣ್ಣ?"

"ಗಂಜಿ. ನಾನು ಬದುಕಿಲ್ಲವೇ?"

ಅವಳು ಅವನ ಮುಖ ನೋಡಿದಳು. ಗೋಡೆಯನ್ನು ಇನ್ನೊಮ್ಮೆ ಓದಿಕೊಂಡು ಹೋದಳು.

ಇಪ್ಪತ್ತು ದಿನ ಕಳೆಯಿತು.

ಮಧ್ಯಾಹ್ನದ ಹೊತ್ತಿಗೆ ಆಶ್ರಮದ ಮುಂದೆ ಆಟೋ ಬಂದು ನಿಂತಿತು. ಮಾಳಮ್ಮನ ಅಣ್ಣ ಸಿದ್ದಪ್ಪ ಅವಳನ್ನು ಎತ್ತಿಕೊಂಡು ಇಳಿದ. ಅವಳ ತಲೆ ಅವನ ಭುಜದ ಮೇಲೆ ವಾಲಿತ್ತು. ತೋಳಿನಲ್ಲಿ ಸೂಜಿ ಚುಚ್ಚಿದ ಗುರುತು.

"ನೂಲು ಸುತ್ತುತ್ತಾ ಇದ್ದವಳು ಹಾಗೇ ಬಿದ್ದಳು," ಎಂದ ಸಿದ್ದಪ್ಪ, ಹೊರಗೆ ಬಂದ ತಾಯಿಗೆ. "ಎರಡು ದಿನ ಆಸ್ಪತ್ರೆಯಲ್ಲಿ ಬಾಟಲಿ ಹಾಕಿಸಿದೆವು. ಖಾಲಿ ಹೊಟ್ಟೆಗೆ ಅಷ್ಟು ಮಾತ್ರೆ ನುಂಗಿದ್ದಾಳಂತೆ. ಊಟ ಮಾಡು ಅಂದರೆ ಆಶ್ರಮದಲ್ಲಿ ಬೇಡ ಅಂದಿದಾರೆ ಅಂತಾಳೆ. ಯಾರು ಹೇಳಿದ್ದು ತಾಯೀ? ನಾವು ನಿಮ್ಮನ್ನ ನಂಬಿರೋ ಜನ."

ಅವನ ದನಿ ಏರಲಿಲ್ಲ. ಏರಿದ್ದರೆ ಕೇಳುವುದು ಸುಲಭವಿತ್ತು.

ತಿಪ್ಪೇಶ ಬಾಗಿಲ ಹಿಂದೆ ನಿಂತಿದ್ದ. ಮುಂದೆ ಬಂದ.

"ನಾನು ಹೇಳಿದ್ದು."

ಸಿದ್ದಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಎಲುಬಿನ ಗೂಡಾಗಿದ್ದ ಅವನನ್ನು ಬೈಯಲು ಬಾಯಿ ಬರಲಿಲ್ಲವೋ ಏನೋ, ಮುಖ ತಿರುಗಿಸಿಕೊಂಡ.

ತಾಯಿ ಮಾಳಮ್ಮನಿಗೆ ಚಾಪೆ ಹಾಸಿಸಿದರು. "ಒಂದು ತಿಂಗಳು ಇಲ್ಲೇ ಇರಲಿ ಸಿದ್ದಪ್ಪ. ಮಾತ್ರೆ ಕೊಟ್ಟು ಹೋಗು. ವಾರಕ್ಕೊಮ್ಮೆ ಬಂದು ನೋಡು."

ಆಟೋ ಹೋದ ಮೇಲೆ ತಿಪ್ಪೇಶ ತಾಯಿಯ ಮುಂದೆ ತಲೆ ಬಗ್ಗಿಸಿ ನಿಂತ.

"ನನ್ನನ್ನು ಕಳಿಸಿಬಿಡಿ ತಾಯೀ."

"ಕಳಿಸಿದರೆ ಅವಳಿಗೆ ಅಡುಗೆ ಮಾಡುವವರು ಯಾರು?"

"ನಾನೇ? ಅವಳಿಗೆ ಏನು ಕೊಡಲಿ? ನನಗೆ ಏನೂ ಗೊತ್ತಿಲ್ಲ. ಈಗ ಗಂಜಿ ಕೊಡುವುದಕ್ಕೂ ಹೆದರಿಕೆ."

ತಾಯಿ ಒಳಗೆ ಹೋಗಿ ಎರಡು ತಟ್ಟೆ ತಂದು ಅವನ ಮುಂದೆ ಇಟ್ಟರು.

"ಒಂದು ಅವಳದು, ಒಂದು ನಿನ್ನದು. ಇಬ್ಬರೂ ಎದುರು ಬದುರು ಕೂತು ಉಣ್ಣಬೇಕು. ನಿನ್ನ ತಟ್ಟೆಗೆ ಬೀಳದೆ ಇದ್ದದ್ದು ಅವಳ ತಟ್ಟೆಗೂ ಬೀಳಬಾರದು."

"ಹಾಗಾದರೆ ಅವಳು ಗಂಜಿಯಲ್ಲೇ..."

"ಅದು ನಿನಗೆ ಬಿಟ್ಟದ್ದು."

ಮೊದಲ ದಿನ ಎರಡು ತಟ್ಟೆಯಲ್ಲೂ ಗಂಜಿ. ಎರಡನೆಯ ದಿನವೂ ಗಂಜಿ.

ಮೂರನೆಯ ದಿನ ಮಾಳಮ್ಮ ಗಂಜಿ ಮುಗಿಸಿ, ತಟ್ಟೆಯ ಅಂಚನ್ನು ಊದಿದ ಬೆರಳಿನಿಂದ ಬಳಿದು ನೆಕ್ಕಿದಳು. ತಿಪ್ಪೇಶ ನೋಡಿದ್ದು ಅವಳಿಗೆ ಗೊತ್ತಾಯಿತು. ನಾಚಿಕೊಂಡಳು.

"ಅಣ್ಣ, ನಾಳೆ ಸ್ವಲ್ಪ ಬೇಳೆ ಹಾಕ್ತೀರಾ?"

ಅವನು ತಟ್ಟೆ ತೊಳೆಯಲು ಹೊಳೆಗೆ ಹೋದ. ತೊಳೆದು ಆದ ಮೇಲೂ ತೊಳೆಯುತ್ತಿದ್ದ.

ಮರುದಿನ ಒಂದು ಹಿಡಿ ಹೆಸರುಬೇಳೆ ನೆನೆಹಾಕಿದ. ಮೆತ್ತಗೆ ಬೇಯಿಸಿದ. ಕಡೆಗೋಲಿನಿಂದ ಕಾಳು ಕಾಣದಂತೆ ಮಸೆದ. ಉಪ್ಪು, ಚಿಟಿಕೆ ಅರಿಶಿನ, ಇನ್ನೇನೂ ಇಲ್ಲ. ಅವಳ ತಟ್ಟೆಗೆ ಎರಡು ಸೌಟು ಬಡಿಸಿದ. ತನ್ನ ತಟ್ಟೆಗೆ ಒಂದು ಚಮಚ.

ಅವಳು ತಿನ್ನದೆ ಕಾದಳು.

"ಉಣ್ಣಮ್ಮ."

"ನೀವು ಮೊದಲು ಅಣ್ಣ. ನಂಗೂ ಹೆದರಿಕೆ."

ತಿಪ್ಪೇಶ ತುತ್ತು ಎತ್ತಿದ. ಅರ್ಧ ತಟ್ಟೆಗೇ ಬಿತ್ತು. ಉಳಿದದ್ದನ್ನು ಬಾಯಿಗೆ ಇಟ್ಟುಕೊಂಡ. ನುಂಗಲಾಗಲಿಲ್ಲ. ಅದು ನಾಲಗೆಯ ಮೇಲೆ ಬೆಚ್ಚಗೆ ಕೂತಿತ್ತು. ಮೂರ್ನಾಲ್ಕು ತಿಂಗಳ ಮೇಲೆ ಬೇಳೆಯ ರುಚಿ. ಕಣ್ಣು ಮುಚ್ಚಿದರೆ ಆಸ್ಪತ್ರೆಯ ಕೊಳವೆ, ಕೆಂಪಾದ ನೀರು.

ಕಣ್ಣು ತೆರೆದ. ಎದುರಿಗೆ ಮಾಳಮ್ಮ ಅವನ ಗಂಟಲನ್ನೇ ನೋಡುತ್ತಿದ್ದಳು.

ನುಂಗಿದ.

ಅವಳೂ ಉಂಡಳು.

ಆ ದಿನವೆಲ್ಲ ಅವನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೆಲಸ ಮಾಡಿದ. ಗಾಳಿ ಓಡಾಡಿದರೂ ಬೆಚ್ಚಿಬಿದ್ದ. ಸಂಜೆಯಾಯಿತು. ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದು ಇನ್ನಷ್ಟು ಹೆದರಿಸಿತು. ನಾಳೆ ಆಗಬಹುದಲ್ಲ.

ನಾಳೆಯೂ ಆಗಲಿಲ್ಲ.

ತಾಯಿಯನ್ನು ಕೇಳಿದ. "ಇನ್ನು ಏನು ಸೇರಿಸಲಿ?"

"ಒಂದನ್ನು ಸೇರಿಸು."

"ಯಾವುದನ್ನು?"

"ಒಂದನ್ನು."

ಒಂದೊಂದನ್ನೇ ಸೇರಿಸಿದ. ಸೇರಿಸಿ ಮೂರು ದಿನ ಕಾದ. ಸಿಪ್ಪೆ ಬೀಜ ತೆಗೆದು ಬೇಯಿಸಿದ ಸೋರೆಕಾಯಿ. ಆಮೇಲೆ ಕುಂಬಳಕಾಯಿ. ಆಮೇಲೆ ತೆಳ್ಳಗೆ ಕಾಸಿದ ರಾಗಿ ಅಂಬಲಿ. ಒಂದು ತುಂಡು ಮಾಗಿದ ಬಾಳೆಹಣ್ಣು. ಹೊಸದು ತಟ್ಟೆಗೆ ಬಂದ ದಿನವೆಲ್ಲ ಅಂಗೈ ಬೆವರುತ್ತಿತ್ತು. ಮಾಳಮ್ಮ ಅವನು ನುಂಗುವವರೆಗೆ ಕಾಯುತ್ತಿದ್ದಳು. ಆದ್ದರಿಂದ ನುಂಗಲೇಬೇಕಿತ್ತು.

ಒಂದು ದಿನ ಮೊಸರಿನ ಸರದಿ. ಗೋಡೆಯ ಮೇಲೆ ಮೊದಲ ಸಾಲಿನಲ್ಲಿದ್ದ ಹೆಸರು.

"ಬೇಡ ಅಂದರೆ ಬೇಡ ಅಣ್ಣ," ಎಂದಳು ಮಾಳಮ್ಮ. "ನಾನೇನೂ ಅಂದುಕೊಳ್ಳಲ್ಲ."

"ನಿನಗೆ ಇಷ್ಟವೇ?"

"ನಮ್ಮನೇಲಿ ಕುರಿ ಇದ್ದಾಗ ಹಾಲು ಮೊಸರಲ್ಲೇ ಬೆಳೆದೆ."

ಅವನು ಎರಡು ತಟ್ಟೆಗೂ ಬಡಿಸಿದ.

ಮೊಸರೂ ಒಗ್ಗಿತು.

ಅದರಿಂದ ಧೈರ್ಯ ಬಂದು, ಯಾರೋ ಭಕ್ತರು ತಂದುಕೊಟ್ಟ ಹುರಿದ ಕಡಲೆಕಾಯಿಯನ್ನು ಒಂದು ಹಿಡಿ ತಿಂದ. ಅವಳಿಗೂ ಕೊಟ್ಟ.

ಮರುದಿನ ಬೆಳಗ್ಗೆ ಹೊಟ್ಟೆ ಹಿಂಡಿದಂತಾಯಿತು. ನಾಲ್ಕು ಸಲ ಹೊರಗೆ ಹೋಗಿ ಬಂದ. ರಕ್ತ ಇರಲಿಲ್ಲ. ಆದರೂ ಗೋಡೆಗೆ ಒರಗಿ ಕುಸಿದು ಕೂತ. ಎಲ್ಲ ಮುಗಿಯಿತು ಅನ್ನಿಸಿತು. ಬೇಳೆ, ಸೋರೆ, ಕುಂಬಳ, ಮೊಸರು, ಎಲ್ಲವೂ ಒಳಗೆ ಸೇರಿ ಸಂಚು ಮಾಡಿವೆ ಅನ್ನಿಸಿತು.

ಎರಡು ದಿನ ಗಂಜಿಗೆ ಇಳಿದ. ಅವನ ಜೊತೆ ಅವಳೂ ಇಳಿದಳು. ಮೂರನೆಯ ದಿನ ನುಲಿತ ನಿಂತಿತು. ಮತ್ತೆ ಬೇಳೆ ಉಂಡು ನೋಡಿದ. ಏನೂ ಆಗಲಿಲ್ಲ. ಮೊಸರು ಉಂಡ. ಏನೂ ಆಗಲಿಲ್ಲ.

ಹತ್ತು ದಿನ ಬಿಟ್ಟು, ಕಡಲೆಕಾಯಿ ನಾಲ್ಕೇ ಕಾಳು ಬಾಯಿಗೆ ಹಾಕಿಕೊಂಡ. ಬೆಳಗ್ಗೆ ಮತ್ತೆ ನುಲಿತ.

ತಾಯಿಯ ಬಳಿಗೆ ಹೋದ.

"ಕಡಲೆಕಾಯಿ ನನಗೆ ಆಗುವುದಿಲ್ಲ ತಾಯೀ. ಎರಡು ಸಲ ನೋಡಿದೆ."

"ಸರಿ."

ಅವನು ಹೋಗಲಿಲ್ಲ. ಅಲ್ಲೇ ನಿಂತ.

"ಇನ್ನೇನು?"

"ಮಾಳಮ್ಮನಿಗೆ ಅದರಿಂದ ಏನೂ ಆಗಲಿಲ್ಲ. ಚೆನ್ನಾಗಿ ತಿಂದಳು. ಅವಳ ಕಾಯಿಲೆಯೇ ಬೇರೆ, ಮೈಯೇ ಬೇರೆ. ನನ್ನ ತಟ್ಟೆಗೆ ಬೀಳದಿದ್ದರೂ ಅವಳ ತಟ್ಟೆಗೆ ಬಡಿಸಬಹುದೇ?"

ತಾಯಿ ನಕ್ಕರು. ಅವರು ನಗುವುದನ್ನು ಅವನು ಆ ವರ್ಷ ನೋಡಿರಲಿಲ್ಲ.

"ಈ ಮಾತು ಬರಲಿ ಅಂತಲೇ ಇಷ್ಟು ದಿನ ಕಾದೆ. ಬಡಿಸು."

"ಗೋಡೆಯ ಪಟ್ಟಿ?"

"ಸುಣ್ಣ ಹೊಡೆ. ಕಡಲೆಕಾಯಿ ಒಂದನ್ನು ಬರೆ."

"ಮಿಕ್ಕಿದ್ದು?"

"ಇದನ್ನು ನಿನ್ನ ಹೊಟ್ಟೆ ಹೇಳಿತು. ಮಿಕ್ಕಿದ್ದನ್ನು ಬಸ್ಸಿನಲ್ಲಿ ಯಾರೋ ಹೇಳಿದ್ದರು."

ಒಂದು ತಿಂಗಳು ಎಂದದ್ದು ಎರಡಾಯಿತು. ಸಿದ್ದಪ್ಪ ಮಾಳಮ್ಮನನ್ನು ಕರೆದುಕೊಂಡು ಹೋಗಲು ಬಂದಾಗ ಅವಳು ತಾನೇ ನಡೆದು ಆಟೋ ಹತ್ತಿದಳು.

"ಬೆರಳು ಹೇಗಿದೆ ತಂಗಿ?" ಎಂದು ಕೇಳಿದ ತಿಪ್ಪೇಶ.

ಅವಳು ಕೈ ಚಾಚಿ ತೋರಿಸಿದಳು. ಗೆಣ್ಣುಗಳು ಇನ್ನೂ ಊದಿದ್ದವು.

"ಊಟದಿಂದ ಇದು ಹೋಗಲಿಲ್ಲ ಅಣ್ಣ. ಆದರೆ ಕೂತರೆ ಒಂದು ಗಂಟೆ ಕೂರ್ತೀನಿ ಈಗ. ಮಾತ್ರೆ ನುಂಗಿದರೆ ತಲೆ ತಿರುಗಲ್ಲ. ನೇಯ್ತೀನಿ, ನಿಧಾನಕ್ಕೆ."

"ನಾನು ನಿನಗೆ ಮಾಡಿದ್ದು..."

"ಹೆದರಿದವರು ಹೆದರಿದವರಿಗೆ ಹೇಳಿದ್ದು ಅಣ್ಣ. ನಾನೂ ನಮ್ಮ ಬೀದೀಲಿ ಇಬ್ಬರಿಗೆ ಹೇಳಿಬಿಟ್ಟಿದೀನಿ. ಮೊದಲು ಹೋಗಿ ಅವರಿಗೆ ಉಣ್ಣೋಕೆ ಹೇಳಬೇಕು."

ಆಟೋ ಹೊರಟಿತು.

ತಿಪ್ಪೇಶನ ಮೈ ತುಂಬಿಕೊಂಡಿತು. ಸಾರಿನ ರುಚಿ ನೋಡತೊಡಗಿದ. ಉಪ್ಪು ಹದಕ್ಕೆ ಬಂತು. ಡಾಕ್ಟರು ತೂಕ ನೋಡಿ ತಲೆಯಾಡಿಸಿದರು. ಹೆದರಿಕೆ ಹೋಯಿತು ಎಂದುಕೊಂಡ.

ಕಾರ್ತಿಕ ಮಾಸದ ಒಂದು ಬೆಳಗ್ಗೆ ಮತ್ತೆ ರಕ್ತ ಕಂಡಿತು.

ಅವನು ಹೊಳೆಯ ಮೆಟ್ಟಿಲಿಗೆ ಓಡಿ ಬಂದ. ತಾಯಿ ಬಟ್ಟೆ ಹಿಂಡುತ್ತಿದ್ದರು. ಅವನ ತುಟಿ ಬಿಳಿಚಿತ್ತು.

"ಬಂತು ತಾಯೀ. ಮತ್ತೆ ಬಂತು."

ತಾಯಿ ಬಟ್ಟೆ ಕೆಳಗಿಟ್ಟರು.

"ನಾನು ಏನು ತಪ್ಪು ತಿಂದೆ? ನಿನ್ನೆ ಅನ್ನ, ತೊವ್ವೆ, ಕುಂಬಳಕಾಯಿ. ಮೊನ್ನೆ ಅಂಬಲಿ, ಮೊಸರು. ಅದರ ಹಿಂದಿನ ದಿನ..." ಎಂಟು ದಿನದ ಊಟವನ್ನು ಬಿಡದೆ ಹೇಳಿದ. "ಕಡಲೆಕಾಯಿ ಮುಟ್ಟಿಲ್ಲ. ಮಾತ್ರೆ ಬಿಟ್ಟಿಲ್ಲ. ಯಾವುದು ತಾಯೀ? ಯಾವುದರಿಂದ ಬಂತು?"

ತಾಯಿ ಕೊನೆಯವರೆಗೂ ಕೇಳಿಸಿಕೊಂಡರು.

"ಗೊತ್ತಿಲ್ಲ."

"ನಿಮಗೂ ಗೊತ್ತಿಲ್ಲವೇ?"

"ನನಗೂ ಗೊತ್ತಿಲ್ಲ."

ಅಷ್ಟು ತಿಂಗಳಲ್ಲಿ ಅವನಿಗೆ ಅಂಥ ಹೆದರಿಕೆ ಬಂದಿರಲಿಲ್ಲ. ನೀರಿನ ಸದ್ದು ಕೂಡ ದೂರ ಹೋದಂತಾಯಿತು. ಎಲ್ಲ ಗೊತ್ತಿರುವವರು ಒಬ್ಬರಿದ್ದಾರೆ ಎಂದು ನಂಬಿಕೊಂಡು ಬದುಕಿದ್ದವನು ಅವನು.

ತಾಯಿ ಒದ್ದೆ ಕೈಯಿಂದಲೇ ಅವನ ತೋಳು ಹಿಡಿದರು. ಆ ಕೈ ತಣ್ಣಗಿತ್ತು.

"ಪಟ್ಟಣದ ಬಸ್ಸು ಎಷ್ಟು ಹೊತ್ತಿಗೆ?"

"ಎಂಟೂವರೆಗೆ."

"ನಡಿ. ನಾನೂ ಬರುತ್ತೇನೆ."

ಆಸ್ಪತ್ರೆಯ ಬೆಂಚಿನ ಮೇಲೆ ತಾಯಿ ಅವನ ಪಕ್ಕ ಮೂರು ಗಂಟೆ ಕೂತರು. ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಬದಲಾಯಿಸಿದರು.

"ಏನು ತಿಂದದ್ದಕ್ಕೆ ಹೀಗಾಯಿತು ಸಾರ್?"

"ತಿಂದದ್ದಕ್ಕೇ ಆಯಿತು ಅಂತ ಹೇಳೋಕೆ ಆಗಲ್ಲ. ಕೆಲವು ಸಲ ಅದಾಗಿಯೇ ಕೆರಳುತ್ತೆ. ನಿಮ್ಮ ತಪ್ಪಲ್ಲ. ಈ ಸಲ ಮೈಯಲ್ಲಿ ಶಕ್ತಿ ಇದೆ, ತಡೆದುಕೊಳ್ತೀರಿ. ಕೆಲವು ದಿನ ಮೆತ್ತಗಿನ ಊಟ ಮಾಡಿ. ಊಟ ಬಿಡಬೇಡಿ."

ಮರುದಿನ ತಾಯಿ ಅವನನ್ನು ಒಲೆಯ ಹತ್ತಿರ ಬಿಡಲಿಲ್ಲ. ತಾವೇ ಅಕ್ಕಿ ತೊಳೆದರು. ತಾವೇ ಬೇಳೆ ಮಸೆದರು. ಅನ್ನ ಮೆತ್ತಗೆ ಕಲಸಿ ತಂದು ಅವನ ಮುಂದೆ ಇಟ್ಟು ಎದುರಿಗೆ ಕೂತರು.

ತಿಪ್ಪೇಶ ಅನ್ನದ ಮೇಲೆ ಕೈ ಇಟ್ಟ. ಎತ್ತಲಾಗಲಿಲ್ಲ.

"ತಾಯೀ, ಇದು ಮತ್ತೆ ಮತ್ತೆ ಬರುತ್ತದೆಯೇ?"

"ಬರಬಹುದು."

"ನಾನು ಎಲ್ಲ ಸರಿಯಾಗಿ ಮಾಡಿದರೂ?"

"ಮಾಡಿದರೂ."

ಅವನ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಹೆದರಿಕೆ ಹೋಯಿತು ಅಂದುಕೊಂಡಿದ್ದೆ. ಹೋಗಿಲ್ಲ. ಈ ತುತ್ತು ನೋಡಿದರೂ ಹೆದರಿಕೆ ಆಗುತ್ತಿದೆ. ಇದನ್ನು ಇಟ್ಟುಕೊಂಡು ಹೇಗೆ ಉಣ್ಣಲಿ?"

ತಾಯಿ ತಟ್ಟೆಯನ್ನು ಅವನ ಕಡೆಗೆ ಇನ್ನಷ್ಟು ಸರಿಸಿದರು.

"ಹೆದರಿಕೊಂಡೇ ಉಣ್ಣು. ಹೆದರುವುದಕ್ಕೂ ಶಕ್ತಿ ಬೇಕು."